ಬೀಸದೆ ಹೋದ ದೊಣ್ಣೆ

ಬೆಂಗಳೂರಿನ ಅಲ್ಲಾಳಸಂದ್ರ ಕೆರೆಯ ಸುತ್ತ ಬೆಳಿಗ್ಗೆ ನಡೆಯುವವರಲ್ಲಿ ಎರಡು ಬಗೆ. ನಡೆಯಬೇಕೆನಿಸಿ ನಡೆಯುವವರು ಒಂದು, ಡಾಕ್ಟರು ಹೇಳಿದರೆಂದು ನಡೆಯುವವರು ಇನ್ನೊಂದು. ಎರಡನೆಯವರನ್ನು ಗುರುತಿಸುವುದು ಸುಲಭ. ಅವರ ಮಾತು ರಾಜಕೀಯದಿಂದ ಶುರುವಾದರೂ ಮಕ್ಕಳ ಮದುವೆಯಿಂದ ಶುರುವಾದರೂ ಕೆರೆ ಅರ್ಧ ಸುತ್ತುವಷ್ಟರಲ್ಲಿ ಬಿಪಿಗೋ ಶುಗರಿಗೋ ಬಂದು ನಿಲ್ಲುತ್ತದೆ.

ಅವರಲ್ಲೊಬ್ಬ ಹಿರಿಯರು ಬೆಂಚಿನ ಮೇಲೆ ಕೂತು ಜೊತೆಯವರಿಗೆ ಹೇಳುತ್ತಿದ್ದರು: "ಎಷ್ಟೋ ವರ್ಷ ಆಯ್ತು, ದಿನಾ ಬೆಳಿಗ್ಗೆ ಬಿಪಿ ಮಾತ್ರೆ ನುಂಗ್ತಾ ಇದೀನಿ. ಏನು ಉಪಯೋಗ ಆಯ್ತು ಅಂತ ಇವತ್ತಿನವರೆಗೂ ಗೊತ್ತಾಗ್ಲಿಲ್ಲ." ಜೊತೆಯವರು, "ಏನೂ ಆಗಿಲ್ವಲ್ಲ, ಅದೇ ಉಪಯೋಗ" ಎಂದರು. ಹಿರಿಯರಿಗೆ ಒಪ್ಪಿಗೆಯಾಗಲಿಲ್ಲ. "ನುಂಗದೇ ಇದ್ದಿದ್ರೂ ಏನೂ ಆಗ್ತಿರ್ಲಿಲ್ವೇನೋ. ಯಾರು ಕಂಡಿದಾರೆ?"

ಅವರ ತಕರಾರನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ. ಜ್ವರಕ್ಕೆ ಮಾತ್ರೆ ಕೊಟ್ಟರೆ ಜ್ವರ ಇಳಿಯುವುದು ಮೈಗೇ ತಿಳಿಯುತ್ತದೆ. ಮುರಿದ ಕೈ ಕೂಡಿದ್ದು ಎಕ್ಸ್‌ರೇಯಲ್ಲಿ ಕಾಣುತ್ತದೆ. ಬಿಪಿ ಮಾತ್ರೆ ಮಾಡುವ ಉಪಕಾರ ಹಾಗಲ್ಲ. ಆಗಬಹುದಾಗಿದ್ದ ಒಂದು ಕೇಡು ಆಗದೇ ಹೋಗುವುದಷ್ಟೇ ಅದರ ಕೆಲಸ. ಆಗದೇ ಹೋದದ್ದನ್ನು ಯಾರಿಗೆ ತೋರಿಸುವುದು?

ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1985ರಲ್ಲಿ ಒಂದು ದೊಡ್ಡ ಅಧ್ಯಯನವನ್ನು ಪ್ರಕಟಿಸಿತು. 35ರಿಂದ 64 ವಯಸ್ಸಿನ 17,354 ಮಂದಿ, ಎಲ್ಲರಿಗೂ ರಕ್ತದೊತ್ತಡ ತುಸುವೇ ಹೆಚ್ಚು. ಇವರನ್ನು ವರ್ಷಗಟ್ಟಲೆ ನೋಡಿಕೊಂಡವರಲ್ಲಿ ಬಹುಪಾಲು ಮಂದಿ ದೊಡ್ಡ ಆಸ್ಪತ್ರೆಯ ತಜ್ಞರಲ್ಲ, ಊರೂರಿನ ಸಾಮಾನ್ಯ ವೈದ್ಯರು. ಕೊನೆಗೆ ಸಿಕ್ಕ ಲೆಕ್ಕ ಇದು: ಇಂಥ 850 ಮಂದಿಗೆ ಒಂದು ವರ್ಷ ಮಾತ್ರೆ ಕೊಟ್ಟರೆ ಸುಮಾರು ಒಬ್ಬರಿಗೆ ಲಕ್ವ ಹೊಡೆಯುವುದು ತಪ್ಪುತ್ತದೆ. ಹೃದಯಾಘಾತದ ಲೆಕ್ಕದಲ್ಲಿ ಆ ಅಧ್ಯಯನಕ್ಕೆ ಅಂಥ ವ್ಯತ್ಯಾಸ ಸಿಗಲಿಲ್ಲ; ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದ ಮೇಲೆ ಅದೂ ಕಂಡಿತು.

850ರಲ್ಲಿ ಒಬ್ಬ. ಉಳಿದ 849 ಮಂದಿ ವರ್ಷವಿಡೀ ಮಾತ್ರೆ ನುಂಗಿದ್ದು ಆ ವರ್ಷದ ಮಟ್ಟಿಗೆ ಅವರವರ ಪಾಲಿಗೆ ದಂಡ. ಸರಿ, ಆ ಒಬ್ಬ ಯಾರು? ಅವನಿಗೂ ಗೊತ್ತಿಲ್ಲ, ಅವನ ವೈದ್ಯನಿಗೂ ಗೊತ್ತಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅಲ್ಲಿ ದೊಣ್ಣೆಯಾದರೂ ಕಾಣುತ್ತದೆ, ಗಾಳಿ ಕಿವಿಗೆ ತಾಗುತ್ತದೆ, ತಪ್ಪಿಸಿಕೊಂಡವನು ನಿಟ್ಟುಸಿರು ಬಿಡುತ್ತಾನೆ. ಇಲ್ಲಿ ದೊಣ್ಣೆ ಬೀಸಲೇ ಇಲ್ಲ. ಬೀಸಬಹುದಾಗಿತ್ತು ಎಂದು ನಂಬಿಸುವ ಕೆಲಸ ಕುಟುಂಬ ವೈದ್ಯನದು. ಇಂಗ್ಲೆಂಡಿನ ಜೆಫ್ರಿ ರೋಸ್ ಎಂಬ ವೈದ್ಯ ವಿಜ್ಞಾನಿ 1981ರಲ್ಲಿ ಇದರ ಒಗಟನ್ನು ಬಿಡಿಸಿಟ್ಟ. ಇಡೀ ಸಮುದಾಯಕ್ಕೆ ದೊಡ್ಡ ಲಾಭ ತರುವ ಕ್ರಮ, ಅದರಲ್ಲಿ ಪಾಲ್ಗೊಳ್ಳುವ ಒಬ್ಬೊಬ್ಬನಿಗೂ ಕೊಡುವುದು ಬಲು ಸಣ್ಣ ಲಾಭ. ರೋಗ ತಡೆಯುವ ಕೆಲಸಕ್ಕೆ ಜನ ಒಲಿಯದಿರುವುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ ಎಂದು ಇದರಿಂದ ಅರ್ಥವಾಗುತ್ತದೆ.

ಇದನ್ನು ನಿಷ್ಕಾಮ ಕರ್ಮ ಎಂದು ಕರೆದು ಕೈತೊಳೆದುಕೊಳ್ಳಬಹುದು. ಭಾಷಣಕ್ಕೆ ಚೆನ್ನಾಗಿಯೂ ಇರುತ್ತದೆ. ನನಗೆ ಅದು ಸರಿಯೆನಿಸುವುದಿಲ್ಲ. ಫಲದ ಆಸೆ ಬಿಡುವುದು ಬೇರೆ, ಫಲ ಯಾರ ಮನೆಗೆ ತಲುಪಿತೆಂದೇ ತಿಳಿಯದಿರುವುದು ಬೇರೆ. ಇಲ್ಲಿ ಫಲ ಖಂಡಿತ ಇದೆ. ಎಲ್ಲೋ ಒಂದು ಮನೆಯಲ್ಲಿ ಒಬ್ಬ ತಂದೆ ಈ ಹೊತ್ತು ತನ್ನ ಬಲಗೈಯಲ್ಲೇ ಮುದ್ದೆ ಮುರಿಯುತ್ತಿದ್ದಾನೆ. ಫಲದ ಮೇಲೆ ವಿಳಾಸ ಬರೆದಿಲ್ಲ, ಅಷ್ಟೆ. ನಮ್ಮ ಜನ ವೈದ್ಯರ ಕೈಗುಣವನ್ನು ಹೊಗಳುತ್ತಾರಲ್ಲ, ಆ ಹೊಗಳಿಕೆ ಮೂರು ದಿನದಲ್ಲಿ ಜ್ವರ ಇಳಿಸಿದವರಿಗೆ, ಕಷ್ಟದ ಹೆರಿಗೆ ಮಾಡಿಸಿದವರಿಗೆ, ಈಚೆಗೆ ಸ್ಟೆಂಟ್ ಹಾಕಿದವರಿಗೆ ಸಲ್ಲುತ್ತದೆ. ಮೂವತ್ತು ವರ್ಷ ಬಿಪಿ ಹತೋಟಿಯಲ್ಲಿಟ್ಟವರ ಕೈಗುಣದ ಮಾತು ನಾನಂತೂ ಕೇಳಿಲ್ಲ.

ಹಾಗಿದ್ದರೆ ಈ ಕೆಲಸ ಮಾಡುವವನು ತನ್ನ ಕೆಲಸ ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಎಣಿಸಬೇಕು. ಬೇರೆ ದಾರಿಯಿಲ್ಲ. ಸಂಶೋಧನೆ ಎಂಬ ಭಾರವಾದ ಹೆಸರಿನಡಿ ಕುಟುಂಬ ವೈದ್ಯರು ಮಾಡಿದ್ದೂ ಇದನ್ನೇ: ಬರೆದಿಟ್ಟುಕೊಳ್ಳುವುದು, ಕಾಯುವುದು, ಎಣಿಸುವುದು.

ಈ ಸಾಲಿನಲ್ಲಿ ಮೊದಲು ನೆನಪಾಗುವವನು ಜೇಮ್ಸ್ ಮೆಕೆಂಜಿ. ಸ್ಕಾಟ್ಲೆಂಡಿನ ರೈತರ ಮಗ, 1853ರಲ್ಲಿ ಹುಟ್ಟಿದವನು. ಎಡಿನ್‌ಬರೋದಲ್ಲಿ ಓದು ಮುಗಿಸಿ 1879ರಲ್ಲಿ ಇಂಗ್ಲೆಂಡಿನ ಬರ್ನ್ಲಿ ಎಂಬ ಹತ್ತಿಗಿರಣಿಯ ಊರಿಗೆ ಸಾಮಾನ್ಯ ವೈದ್ಯನಾಗಿ ಹೋದ. ಅಲ್ಲಿ ಒಬ್ಬ ಗರ್ಭಿಣಿಗೆ ಹೃದಯದ ಕವಾಟದ ತೊಂದರೆಯಿತ್ತು. ಹೆರಿಗೆಯ ಹೊತ್ತಿಗೆ ಅವನ ಕಣ್ಣೆದುರೇ ತೀರಿಕೊಂಡಳು. ಯಾವ ಹೃದಯ ಭಾರ ತಾಳುತ್ತದೆ, ಯಾವುದು ತಾಳುವುದಿಲ್ಲ ಎಂದು ಪುಸ್ತಕದಲ್ಲಿ ಹುಡುಕಿದ. ಸಿಗಲಿಲ್ಲ. ತಾನೇ ಬರೆದಿಡತೊಡಗಿದ. ಕೊರಳಿನ ರಕ್ತನಾಳದ ಮಿಡಿತವನ್ನೂ ಮಣಿಕಟ್ಟಿನ ನಾಡಿಯನ್ನೂ ಒಟ್ಟಿಗೆ ಕಾಗದದ ಮೇಲೆ ಗೀರುವ ಪಾಲಿಗ್ರಾಫ್ ಎಂಬ ಯಂತ್ರ ಕಟ್ಟಿಸಿದ. ಅದರ ಶಾಯಿಯ ಮಾದರಿಯನ್ನು ತಯಾರಿಸಿಕೊಟ್ಟವನು ಪಕ್ಕದ ಪ್ಯಾಡಿಹ್ಯಾಮ್ ಊರಿನ ಒಬ್ಬ ಗಡಿಯಾರ ರಿಪೇರಿಯವನು. ಇಸಿಜಿ ಯಂತ್ರ ಆಸ್ಪತ್ರೆಗಳಿಗೆ ಬರುವ ಮುಂಚಿನ ಕಾಲ ಅದು.

ಮೆಕೆಂಜಿಯ ದೊಡ್ಡತನ ನನಗೆ ಕಾಣುವುದು ಯಂತ್ರದಲ್ಲಲ್ಲ. ಆ ಕಾಲದಲ್ಲಿ ನಾಡಿ ಒಂದು ಮಿಡಿತ ತಪ್ಪಿತೆಂದರೆ ಸಾಕು, ವೈದ್ಯರು ಮುಖ ಸಣ್ಣದು ಮಾಡಿ ರೋಗಿಯನ್ನು ಹಾಸಿಗೆಗೆ ಕಟ್ಟಿಹಾಕುತ್ತಿದ್ದರು. ಮೆಕೆಂಜಿಯ ಹತ್ತಿರವೂ ಅಂಥ ನಾಡಿಯವರು ಬರುತ್ತಿದ್ದರು: ಗಿರಣಿಯ ಹೆಂಗಸರು, ಕೂಲಿಗಳು, ಅವರ ಮಕ್ಕಳು. ಅವನು ಗೀರು ತೆಗೆದಿಟ್ಟುಕೊಂಡ, ಮುಂದಿನ ವರ್ಷ ಮತ್ತೆ ನೋಡಿದ, ಹತ್ತು ವರ್ಷ ಬಿಟ್ಟು ಮತ್ತೆ ನೋಡಿದ. ಎಷ್ಟೋ ಜನರಿಗೆ ಏನೂ ಆಗಿರಲಿಲ್ಲ. ದುಡಿದರು, ಮಕ್ಕಳು ಮರಿ ಎಂದು ಬದುಕಿದರು, ಮುದುಕರಾದರು. ಯಾವ ಬಗೆಯ ತಪ್ಪು ಮಿಡಿತ ನಿರಪಾಯ, ಯಾವುದಕ್ಕೆ ಹೆದರಬೇಕು ಎಂದು ಹೀಗೆ ಬೇರ್ಪಟ್ಟಿತು. ಆ ಊರಲ್ಲಿ ಮೂರು ದಶಕದ ಹತ್ತಿರ ಇದ್ದದ್ದರಿಂದ ಸಿಕ್ಕ ತಿಳಿವಳಿಕೆ ಇದು. ಲಂಡನ್ನಿನ ದೊಡ್ಡ ಆಸ್ಪತ್ರೆಯ ಪ್ರಾಧ್ಯಾಪಕನಿಗೆ ಇದು ಸಿಗುವಂತಿರಲಿಲ್ಲ. ಅವನ ವಾರ್ಡಿಗೆ ರೋಗಿ ಬರುತ್ತಾನೆ, ಎರಡು ವಾರ ಇರುತ್ತಾನೆ, ಹೋಗುತ್ತಾನೆ, ಆಮೇಲಿನ ಇಪ್ಪತ್ತು ವರ್ಷ ಅವನ ಕಣ್ಣಿಗೆ ಬೀಳುವುದಿಲ್ಲ. 'ಏನೂ ಆಗಲಿಲ್ಲ' ಎಂಬುದನ್ನೇ ಕಂಡುಹಿಡಿದು, ಬರೆದು, ಸಾವಿರಾರು ಜನರನ್ನು ಹಾಸಿಗೆಯಿಂದ ಎಬ್ಬಿಸಿದ್ದು ಒಬ್ಬ ಊರ ವೈದ್ಯ. ನಾಡಿಯ ಮೇಲಿನ ಅವನ ಪುಸ್ತಕ 1902ರಲ್ಲಿ ಬಂತು, ಹೃದ್ರೋಗಗಳ ಮೇಲಿನದು 1908ರಲ್ಲಿ. ಲಂಡನ್ನಿಗೆ ಹೋದ ಅವನನ್ನು ಆ ಊರು ಗೌರವಿಸಿತು, 'ಸರ್' ಪದವಿಯೂ ಬಂತು. ಕೊನೆಗೆ ಅವನು ಅದನ್ನೆಲ್ಲ ಬಿಟ್ಟು ಸೇಂಟ್ ಆ್ಯಂಡ್ರೂಸ್ ಎಂಬ ಸಣ್ಣ ಊರಿಗೆ ಹೋಗಿ, ಸಾಮಾನ್ಯ ವೈದ್ಯರೇ ಸೇರಿ ರೋಗದ ಮೊದಲ ಲಕ್ಷಣಗಳನ್ನು ಅಭ್ಯಾಸ ಮಾಡುವ ಒಂದು ಸಂಸ್ಥೆ ಕಟ್ಟಿದ. ರೋಗದ ಮೊಳಕೆ ಕಾಣುವುದು ಮನೆ ವೈದ್ಯನಿಗೆ, ಆದರೆ ನೋಡಲು ಅವನಿಗೆ ಯಾರೂ ಕಲಿಸಿಲ್ಲ ಎಂಬುದು ಅವನ ಕೊರಗಾಗಿತ್ತು.

ಜೂಲಿಯನ್ ಟ್ಯೂಡರ್ ಹಾರ್ಟ್ ಇನ್ನೂ ಹಟದ ಮನುಷ್ಯ. ವೇಲ್ಸಿನ ಕಲ್ಲಿದ್ದಲ ಗಣಿಯ ಗ್ಲಿನ್‌ಕೊರ್ಗ್ ಎಂಬ ಹಳ್ಳಿಯಲ್ಲಿ 1961ರಿಂದ ವೈದ್ಯ. ಕಾಯಿಲೆಯೆಂದು ಬಂದವರ ಬಿಪಿ ನೋಡುವುದು ಎಲ್ಲರೂ ಮಾಡುವ ಕೆಲಸ. ಈತ ಬಾರದವರ ಬಿಪಿಯನ್ನೂ ನೋಡಲು ಹೊರಟ. ಊರಿನ ವಯಸ್ಕರನ್ನೆಲ್ಲ ಒಬ್ಬೊಬ್ಬರನ್ನಾಗಿ ಹಿಡಿದು ತಂದು ಪಟ್ಟಿ ಕಟ್ಟಿ ನೋಡಿದ. ಕಾಲು ಶತಮಾನ ಅದನ್ನೇ ಮಾಡಿದ ಮೇಲೆ 1991ರಲ್ಲಿ ಲೆಕ್ಕ ಒಪ್ಪಿಸಿದ. ಅಂಥದ್ದೇ ಗಣಿ, ಅಂಥದ್ದೇ ಬಡತನ ಇದ್ದ ನೆರೆಯ ಹಳ್ಳಿಗೆ ಹೋಲಿಸಿದರೆ ಇವನ ಹಳ್ಳಿಯಲ್ಲಿ 65 ವರ್ಷದೊಳಗಿನ ಸಾವಿನ ಪ್ರಮಾಣ ಶೇಕಡ 28ರಷ್ಟು ಕಡಿಮೆಯಿತ್ತು. ಆಗದೇ ಹೋದ ಸಾವುಗಳು ಕಣ್ಣಿಗೆ ಬಿದ್ದದ್ದು ಹಾಗೆ, ಪಕ್ಕದ ಊರನ್ನು ಪಕ್ಕದಲ್ಲಿಟ್ಟು ನೋಡಿದಾಗ.

ಅವನ ಇನ್ನೊಂದು ಬರಹ ನನ್ನನ್ನು ಹೆಚ್ಚು ಕಾಡುತ್ತದೆ. ತನ್ನ ಆರೈಕೆಯಲ್ಲಿದ್ದವರ ಸಾವುಗಳಲ್ಲಿ ಸಾಲಾಗಿ 500ನ್ನು ತೆಗೆದುಕೊಂಡು, ಪ್ರತಿಯೊಂದರ ಮುಂದೆಯೂ ಕೂತು, ಇದನ್ನು ತಪ್ಪಿಸಬಹುದಿತ್ತೇ, ರೋಗಿಯಿಂದಲೋ ಆಸ್ಪತ್ರೆಯಿಂದಲೋ ನನ್ನಿಂದಲೋ ಏನು ಬಿಟ್ಟುಹೋಯಿತು ಎಂದು ಪರೀಕ್ಷಿಸಿ 1987ರಲ್ಲಿ ಪ್ರಕಟಿಸಿದ. ತನ್ನ ಪಾಲನ್ನೂ ಮುಚ್ಚಿಡಲಿಲ್ಲ. ಯಾರೂ ಕೇಳಿರಲಿಲ್ಲ, ಯಾವ ನ್ಯಾಯಾಲಯವೂ ಕರೆದಿರಲಿಲ್ಲ. ಗೆಲುವು ಕಾಣದ ಕೆಲಸದಲ್ಲಿ ಇರುವವನು ತನ್ನ ಸೋಲನ್ನಾದರೂ ತಾನೇ ಎದುರುಗೊಳ್ಳಬೇಕು ಎಂಬ ಈ ನಿಷ್ಠೆ, ಉಪದೇಶದಿಂದ ಬರುವಂಥದ್ದಲ್ಲ.

ನಮ್ಮಲ್ಲಿ ಸೋಲಿನ ಲೆಕ್ಕ ಬೀದಿಯಲ್ಲಿ ಆಗುತ್ತದೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರಿಗೆ 46 ವರ್ಷ. ಅಂದು ಮೈ ಸರಿಯಿಲ್ಲವೆನಿಸಿ ಅವರು ಮೊದಲು ಹೋದದ್ದು ಕುಟುಂಬದ ವೈದ್ಯರಾದ ಡಾ. ರಮಣ ರಾವ್ ಅವರ ಸದಾಶಿವನಗರದ ಕ್ಲಿನಿಕ್ಕಿಗೆ. ಅಲ್ಲಿ ಇಸಿಜಿ ತೆಗೆದು ಆಸ್ಪತ್ರೆಗೆ ಕಳಿಸಿದರು, ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಲಾಗಲಿಲ್ಲ. ನಾಡಿನ ದುಃಖದಲ್ಲಿ ಒಂದು ಪಾಲು ಸಿಟ್ಟಾಗಿ ವೈದ್ಯರ ಕಡೆ ತಿರುಗಿತು. ಅವರ ಮನೆಗೂ ಕ್ಲಿನಿಕ್ಕಿಗೂ ಪೊಲೀಸ್ ಕಾವಲು ಹಾಕಬೇಕಾಯಿತು. ನೆಲಮಂಗಲದ ಕಡೆಯ ಟಿ. ಬೇಗೂರಿನಲ್ಲಿ ದಶಕಗಳಿಂದ ಭಾನುವಾರಗಳಂದು ಹಳ್ಳಿಯವರಿಗೆ ಉಚಿತವಾಗಿ ಚಿಕಿತ್ಸೆ ಕೊಡುತ್ತ ಬಂದವರು ಅವರು, 2010ರ ಪದ್ಮಶ್ರೀ ಪುರಸ್ಕೃತರು. ಅಷ್ಟು ವರ್ಷಗಳಲ್ಲಿ ಅವರಿಂದಾಗಿ ಎಷ್ಟು ಜನರಿಗೆ ಏನೇನು ಆಗದೇ ಹೋಯಿತೆಂದು ಆ ವಾರ ಕೇಳಿದವರಿಲ್ಲ. ಕೇಳಿದ್ದರೂ ಉತ್ತರ ಯಾರ ಬಳಿಯೂ ಇರಲಿಲ್ಲ.

ಆ ಸಾವಿನ ನಂತರದ ದಿನಗಳಲ್ಲಿ ಇಸಿಜಿಗೆ, ಟ್ರೆಡ್‌ಮಿಲ್ ಪರೀಕ್ಷೆಗೆ ಜನ ನುಗ್ಗಿದರು. 2025ರ ಜೂನ್, ಜುಲೈಯಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗಲೂ ಹಾಗೇ ಆಯಿತು; ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಾಗುವ ಮೊದಲೇ ಸಾಲು. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ಪರಿಶೀಲಿಸಿ, ಜಿಲ್ಲೆಯಲ್ಲಿ ಅಸಹಜವಾದ ಏರಿಕೆ ಕಂಡಿಲ್ಲ ಎಂದಿತು. ಆಮೇಲೆ ಭಯವೂ ತಣ್ಣಗಾಯಿತು. ಭಯದ ಆಯುಸ್ಸು ಹೆಚ್ಚೆಂದರೆ ಒಂದು ತಿಂಗಳು, ಬಿಪಿಯದು ಮೂವತ್ತು ವರ್ಷ. ಭಯಪಟ್ಟು ಪ್ಯಾಕೇಜಿನ ತಪಾಸಣೆ ಮಾಡಿಸಿಕೊಂಡು, ವರದಿಯ ಫೈಲನ್ನು ಬೀರುವಿನಲ್ಲಿಟ್ಟು ನೆಮ್ಮದಿಯಾದವರು ನನ್ನ ಪರಿಚಯದಲ್ಲೇ ಬೇಕಾದಷ್ಟಿದ್ದಾರೆ. ಫೈಲಿನಲ್ಲಿ ಕೆಂಪಕ್ಷರದಲ್ಲಿದ್ದ ಕೊಲೆಸ್ಟ್ರಾಲ್ ಅಲ್ಲೇ ಇದೆ. ಅದನ್ನು ಹಿಡಿದುಕೊಂಡು ಒಬ್ಬ ವೈದ್ಯರ ಮುಂದೆ ಕೂರುವುದು ಪ್ಯಾಕೇಜಿನಲ್ಲಿ ಸೇರಿರಲಿಲ್ಲವೇನೋ.

ಬೆಂಗಳೂರಿಗೆ ಈ ಎಣಿಕೆಯ ಕೆಲಸ ಹೊಸದೇನಲ್ಲ. ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಸಲೀಂ ಯೂಸುಫ್ ಕೆನಡಾದಿಂದ ನಡೆಸಿದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳಲ್ಲಿ ಹರಡಿತ್ತು. 2004ರಲ್ಲಿ ಅದು ಹೇಳಿದ್ದು: ಧೂಮಪಾನ, ಬಿಪಿ, ಸಕ್ಕರೆ ಕಾಯಿಲೆ, ರಕ್ತದ ಕೊಬ್ಬು, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡದಂಥ ಒಂಬತ್ತು ಕಾರಣಗಳಲ್ಲೇ ಮೊದಲ ಹೃದಯಾಘಾತದ ಬಹುಪಾಲು ಅಡಗಿದೆ, ಯಾವ ದೇಶವಾದರೂ ಸರಿ. ಅದೇ ಅಧ್ಯಯನದ 2007ರ ಇನ್ನೊಂದು ವರದಿ ನಮಗೆ ಹೆಚ್ಚು ಹತ್ತಿರದ್ದು. ಉಳಿದವರಿಗೆ 59ರ ಸುಮಾರಿಗೆ ಬರುವ ಮೊದಲ ಹೃದಯಾಘಾತ ದಕ್ಷಿಣ ಏಷ್ಯಾದವರಿಗೆ 53ಕ್ಕೇ ಬರುತ್ತದೆ. ಮನೆಯ ಸಾಲ ತೀರಿರುವುದಿಲ್ಲ, ಮಗಳ ಓದು ಮುಗಿದಿರುವುದಿಲ್ಲ, ಅಂಥ ವಯಸ್ಸು.

ಸೇಂಟ್ ಜಾನ್ಸಿನ ಡೆನಿಸ್ ಝೇವಿಯರ್, ಪ್ರೇಮ್ ಪೈಸ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ 'ಕ್ರಿಯೇಟ್' ಅಧ್ಯಯನದ ಮುಂದೆ ಸ್ವಲ್ಪ ನಿಲ್ಲಬೇಕು. ದೇಶದ 50 ನಗರಗಳ 89 ಆಸ್ಪತ್ರೆಗಳು, 20,468 ರೋಗಿಗಳು. ಎದೆನೋವು ಶುರುವಾದಾಗಿನಿಂದ ಆಸ್ಪತ್ರೆ ಮುಟ್ಟಲು ಹಿಡಿದ ಹೊತ್ತಿನ ಮಧ್ಯಮ ಪ್ರಮಾಣ 360 ನಿಮಿಷ. ಆಸ್ಪತ್ರೆ ಮುಟ್ಟಿದ ಮೇಲೆ ಹೆಪ್ಪು ಕರಗಿಸುವ ಔಷಧಿ ಕೊಡಲು ಹಿಡಿದದ್ದು 50 ನಿಮಿಷ. ನಾವು ಬೈಯುವುದು ಆ 50 ನಿಮಿಷವನ್ನು. ಆರು ಗಂಟೆ ಎಲ್ಲಿ ಹೋಯಿತು? ಗ್ಯಾಸ್ಟ್ರಿಕ್ ಇರಬೇಕು ಎನ್ನುವುದರಲ್ಲಿ ಒಂದಿಷ್ಟು ಹೋಯಿತು. ಜೀರಿಗೆ ಕಷಾಯ, ಸೋಡಾ, ಎದೆಗೆ ಹಚ್ಚಿದ ಮುಲಾಮು. ಬೆಳಗಾಗಲಿ ನೋಡೋಣ ಎಂದದ್ದು, ದುಡ್ಡು ಹೊಂದಿಸಿದ್ದು, ಆಟೋ ಸಿಗದೇ ಕಾದದ್ದು. ಹತ್ತಿರದ ಕ್ಲಿನಿಕ್ಕಿನಲ್ಲಿ ಇಸಿಜಿ ಯಂತ್ರ ಇಲ್ಲದ್ದರಿಂದ ಅಲ್ಲಿಂದ ಇನ್ನೆಲ್ಲಿಗೋ ಅಲೆದದ್ದು.

ಅದೇ ಅಧ್ಯಯನದ ಇನ್ನೊಂದು ಲೆಕ್ಕ ಓದಿ ಮನಸ್ಸು ಮುದುಡುತ್ತದೆ. ಹೃದಯಾಘಾತವಾದ 30 ದಿನದೊಳಗೆ ಬಡವರಲ್ಲಿ ಸತ್ತವರು ನೂರಕ್ಕೆ 8.2, ಶ್ರೀಮಂತರಲ್ಲಿ 5.5. ಸಂಶೋಧಕರು ಈ ಅಂತರಕ್ಕೆ ಕಾರಣ ಹುಡುಕಿದರು. ಬಡವರ ಹೃದಯ ಹೆಚ್ಚು ಕೆಟ್ಟಿತ್ತೇ, ಅವರಿಗೆ ಬೇರೆ ರೋಗಗಳಿದ್ದವೇ ಎಂದು ತೂಗಿದರೆ ಅಂತರ ಹಾಗೇ ಉಳಿಯಿತು. ಸಿಕ್ಕ ಚಿಕಿತ್ಸೆಯ ಲೆಕ್ಕ ಸೇರಿಸಿದ ಕೂಡಲೇ ಅಳಿಸಿಹೋಯಿತು. ಅವರನ್ನು ಕೊಂದದ್ದು ಅವರ ಹೃದಯವಲ್ಲ, ಅವರಿಗೆ ಸಿಗದೇ ಹೋದ ಔಷಧಿ. ಟ್ಯೂಡರ್ ಹಾರ್ಟ್ 1971ರಲ್ಲೇ ಇದನ್ನು ಒಂದು ನಿಯಮವಾಗಿ ಬರೆದಿದ್ದ: ಒಳ್ಳೆಯ ವೈದ್ಯಕೀಯ ಆರೈಕೆ ಯಾರಿಗೆ ಹೆಚ್ಚು ಬೇಕೋ ಅವರಿಗೆ ಕಡಿಮೆ ಸಿಗುತ್ತದೆ, ಮಾರುಕಟ್ಟೆಯ ಹಿಡಿತ ಬಿಗಿಯಾದಷ್ಟೂ ಇದು ಹೆಚ್ಚುತ್ತದೆ. ಹೆಬ್ಬಾಳದಿಂದ ಯಲಹಂಕದವರೆಗೆ ಬಳ್ಳಾರಿ ರಸ್ತೆಯ ಆಸುಪಾಸಿನಲ್ಲಿ ಇಂದು ಆಂಜಿಯೋಗ್ರಾಂ ಮಾಡುವ ಆಸ್ಪತ್ರೆಗಳಿಗೆ ಬರವಿಲ್ಲ. ಆ ರಸ್ತೆಯ ಅಪಾರ್ಟ್‌ಮೆಂಟುಗಳಿಗೆ ಗಾರೆ ಕಲಸುವ, ರಾತ್ರಿ ಗೇಟು ಕಾಯುವ, ವಿಮಾನ ನಿಲ್ದಾಣಕ್ಕೆ ಕ್ಯಾಬ್ ಓಡಿಸುವ ಮನುಷ್ಯನ ಬಿಪಿಯನ್ನು ಕೊನೆಯ ಸಲ ಯಾರು, ಯಾವಾಗ ನೋಡಿದರು ಎಂದು ಕೇಳಿದರೆ ಅವನೇ ನಗುತ್ತಾನೆ.

ಸರ್ಕಾರ ಸುಮ್ಮನೆ ಕೂತಿಲ್ಲ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರಿಗೆ ಕಳಿಸಿ, ಹೃದಯಾಘಾತವೆಂದು ಖಚಿತವಾದರೆ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಅದಕ್ಕೂ ಮುಂಚೆ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಗಾಡಿನ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ಕೊಡಿಸಿ, ಅಲ್ಲಿನ ವೈದ್ಯರನ್ನೆಲ್ಲ ವಾಟ್ಸಾಪ್ ಗುಂಪುಗಳಲ್ಲಿ ಸೇರಿಸಿದ್ದರು. ಹಳ್ಳಿಯ ವೈದ್ಯ ಇಸಿಜಿಯ ಫೋಟೋ ಹಾಕುತ್ತಾನೆ, ತಜ್ಞರು ನೋಡಿ ಹೇಳುತ್ತಾರೆ. ಜೀವ ಉಳಿಯುವುದು ಒಂದು ಲಾಭ. ಹಾಗೆ ಸಾಕಷ್ಟು ಇಸಿಜಿಗಳನ್ನು ಕಂಡ ವೈದ್ಯನಿಗೆ ತಾನೇ ಓದಲು ಬಂದಿರುತ್ತದೆ, ಅದು ಇನ್ನೊಂದು. ಅದನ್ನು ಯಾವ ವಿಶ್ವವಿದ್ಯಾಲಯವೂ ತರಗತಿ ಎಂದು ಕರೆಯುವುದಿಲ್ಲ.

ನಮ್ಮ ವೈದ್ಯಕೀಯ ಶಿಕ್ಷಣದ ಬಗ್ಗೆ ಒಂದು ಮಾತು ಇಲ್ಲಿ ಹೇಳಲೇಬೇಕು. ಅಮೆರಿಕದ ಕೆರ್ ವೈಟ್ ಎಂಬಾತ 1961ರಲ್ಲಿ ಒಂದು ಲೆಕ್ಕ ಹಾಕಿದ್ದ. ಸಾವಿರ ಮಂದಿ ವಯಸ್ಕರಿದ್ದರೆ, ಒಂದು ತಿಂಗಳಲ್ಲಿ 750 ಮಂದಿಗೆ ಏನಾದರೊಂದು ಕಾಯಿಲೆಯೋ ಪೆಟ್ಟೋ ಆಗುತ್ತದೆ, 250 ಮಂದಿ ವೈದ್ಯರ ಹತ್ತಿರ ಹೋಗುತ್ತಾರೆ, 9 ಮಂದಿ ಆಸ್ಪತ್ರೆ ಸೇರುತ್ತಾರೆ, ಒಬ್ಬ ಮಾತ್ರ ಬೋಧನಾ ಆಸ್ಪತ್ರೆಗೆ ಬರುತ್ತಾನೆ. ವಿದ್ಯಾರ್ಥಿಗಳು ವೈದ್ಯಶಾಸ್ತ್ರ ಕಲಿಯುವುದು ಆ ಒಬ್ಬನ ಮೇಲೆ. ದೊಡ್ಡಾಸ್ಪತ್ರೆಗೆ ಎದೆನೋವೆಂದು ಬಂದವನನ್ನು ಆಗಲೇ ಯಾರೋ ಸೋಸಿ ಕಳಿಸಿರುತ್ತಾರೆ. ಅಲ್ಲಿ ಎದೆನೋವೆಂದರೆ ಮೊದಲು ಹೃದಯವೇ. ಬೀದಿಯ ಕ್ಲಿನಿಕ್ಕಿಗೆ ಬರುವ ಎದೆನೋವು ಸೋಸದ ನೋವು. ಮೂಟೆ ಹೊತ್ತು ಸ್ನಾಯು ಹಿಡಿದಿರಬಹುದು, ಹುಳಿತೇಗಿರಬಹುದು, ಸೊಸೆಯೊಂದಿಗಿನ ಜಗಳವೂ ಇರಬಹುದು. ಅಂಥ ಹಲವು ನೋವುಗಳ ನಡುವೆ ಒಂದು ಹೃದಯಾಘಾತ, ಅದೂ ಬಂದದ್ದು ದವಡೆನೋವಿನ ವೇಷದಲ್ಲಿ, ರಾತ್ರಿ ಎಂಟೂವರೆಗೆ, ಟೋಕನ್ ಮುಗಿಯುವ ಹೊತ್ತಿಗೆ. ಎಲ್ಲರನ್ನೂ ದೊಡ್ಡಾಸ್ಪತ್ರೆಗೆ ಅಟ್ಟಿದರೆ ಬಡವರ ಸಂಬಳ ಪರೀಕ್ಷೆಗಳಲ್ಲಿ ಕರಗುತ್ತದೆ, ಯಾರನ್ನೂ ಕಳಿಸದಿದ್ದರೆ ಒಂದು ದಿನ ಒಂದು ಮನೆ ಮುಳುಗುತ್ತದೆ. ಇದರ ನಡುವೆ ನಡೆಯುವ ವಿವೇಕ ಬೇರೆಯೇ ಒಂದು ವಿದ್ಯೆ. ಹೆಬ್ಬಾಳದ ಬೆಂಗಳೂರು ಬ್ಯಾಪ್ಟಿಸ್ಟ್ ಆಸ್ಪತ್ರೆಯಂಥ ಕೆಲವು ಕಡೆ ಕುಟುಂಬ ವೈದ್ಯಶಾಸ್ತ್ರವನ್ನು ಸ್ನಾತಕೋತ್ತರ ವಿಷಯವಾಗಿ, ಡಿಎನ್‌ಬಿ ಪದವಿಗಾಗಿ ಕಲಿಸುತ್ತಾರೆ. ಆದರೆ ಎಂಬಿಬಿಎಸ್ ಮುಗಿಸಿದ ಮಗ ಕುಟುಂಬ ವೈದ್ಯನಾಗುತ್ತೇನೆ ಎಂದರೆ, 'ಅಯ್ಯೋ, ಪಿಜಿ ಸೀಟು ಸಿಗಲಿಲ್ವಾ?' ಎಂದು ಕೇಳುವವರು ನಾವೇ.

ನಮ್ಮ ಕಡೆಯ ಒಬ್ಬ ಕುಟುಂಬ ವೈದ್ಯೆಯ ಕ್ಲಿನಿಕ್ಕಿಗೆ ಆಗಾಗ ಎಳೆಯ ವೈದ್ಯರು ಕಲಿಯಲು ಬಂದು ಕೂರುತ್ತಾರೆ. ಹಾಗೆ ಬಂದ ಹುಡುಗನೊಬ್ಬ ಎರಡೇ ದಿನಕ್ಕೆ ಬೇಸತ್ತು, "ಇಲ್ಲಿ ಕೇಸೇ ಇಲ್ವಲ್ಲ ಮೇಡಂ, ಬರೀ ಬಿಪಿ, ಶುಗರ್ರು" ಎಂದನಂತೆ. ಅವರು ಬಿಪಿ ರಿಜಿಸ್ಟರನ್ನು ಅವನ ಮುಂದಿಟ್ಟು, ಬರುವುದನ್ನು ನಿಲ್ಲಿಸಿದವರಿಗೆಲ್ಲ ಫೋನ್ ಮಾಡಲು ಹೇಳಿದರು. ಹುಡುಗ ಮಾಡಿದ. ಕೆಲವು ನಂಬರ್ ಚಾಲ್ತಿಯಲ್ಲಿರಲಿಲ್ಲ. ಒಬ್ಬರು ತೀರಿಕೊಂಡಿದ್ದರು, ಫೋನ್ ಎತ್ತಿದ್ದು ಮಗ. ಉಳಿದವರು ಚೆನ್ನಾಗೇ ಮಾತಾಡಿದರು. "ಮಾತ್ರೆ ಬಿಟ್ಟು ಮೂರು ತಿಂಗಳಾಯ್ತು ಸಾರ್, ಏನೂ ಆಗಿಲ್ಲ" ಎಂದು ಧೈರ್ಯವನ್ನೂ ಹೇಳಿದರು. ಹುಡುಗ ರಿಜಿಸ್ಟರಿನಲ್ಲಿ 'ಬಿಟ್ಟಿದ್ದಾರೆ' ಎಂದು ಗುರುತು ಹಾಕಿ ತಂದ.

"ಯಾಕೆ ಬಿಟ್ರು ಅನ್ನೋದಕ್ಕೊಂದು ಕಾಲಂ ಹಾಕಪ್ಪ" ಎಂದರು ವೈದ್ಯೆ. "ಅದು ಗೊತ್ತಾಗ್ದೇ ಇದ್ರೆ ಇದು ಬರೀ ಚಾಡಿ ಪಟ್ಟಿ."

ಮತ್ತೆ ಫೋನು. ಈ ಸಲ ಕಾಲಂ ತುಂಬಿತು. ಹಾಗಲಕಾಯಿ ಜ್ಯೂಸ್ ಕುಡಿಯುತ್ತಿದ್ದೇನೆ, ಸಾಕಲ್ಲ ಎಂದವರು. ಒಮ್ಮೆ ಶುರುಮಾಡಿದರೆ ಜೀವನಪೂರ್ತಿ ಬಿಡುವಂತಿಲ್ಲವೆಂದು ಪಕ್ಕದ ಮನೆಯವರು ಹೆದರಿಸಿದ್ದಕ್ಕೆ ಬಿಟ್ಟವರು. ಗಂಡನ ಮಾತ್ರೆಗೇ ದುಡ್ಡು ಸಾಲುವುದಿಲ್ಲ, ನನ್ನದು ಆಮೇಲೆ ಎಂದವರು. ಈ ಉತ್ತರ ಹೆಂಗಸರದು ಮಾತ್ರ, ಗಂಡಸರು ಯಾರೂ ಹೀಗೆ ಹೇಳಲಿಲ್ಲ. ಮಾತ್ರೆ ತಿಂದರೆ ಕಾಲು ಊದಿಕೊಳ್ಳುತ್ತಿತ್ತು ಎಂದವರು ಕೆಲವರು, ಅದು ಬದಲಾಯಿಸಬಹುದಾದ ಮಾತ್ರೆ. ಮತ್ತೆ ನಾಲ್ಕೈದು ಜನ ಗಾರ್ಮೆಂಟ್ಸ್ ಹೆಂಗಸರು ಒಂದೇ ಮಾತು ಹೇಳಿದರು: ಶಿಫ್ಟ್ ಮುಗಿಸಿ, ಬಸ್ ಹಿಡಿದು ಬಂದು, ಅಡುಗೆಗೆ ಇಟ್ಟು ಹೊರಡುವಷ್ಟರಲ್ಲಿ ಕ್ಲಿನಿಕ್ ಬಾಗಿಲು ಹಾಕಿರುತ್ತದೆ.

ಈಗ ಆ ಕ್ಲಿನಿಕ್ಕು ಭಾನುವಾರ ಬೆಳಿಗ್ಗೆಯೂ ಎರಡು ಗಂಟೆ ತೆರೆದಿರುತ್ತದೆ. ಜ್ವರ, ನೆಗಡಿಗೆ ಅಂದು ಟೋಕನ್ ಇಲ್ಲ.